ಸೈಡ್‌ವಿಂಗಿನ ಸ್ಟೂಲು

ಜೂನ್ ೩, ಸೋಮವಾರ

ಬಿಟ್ಟಿ ಸಹಾಯ ಮಾಡಲು ಬಂದವರು ಮೊದಲ ದಿನವೇ ಹಾಲ್‌ನ ಉದ್ದಗಲ ಕೇಳುವುದಿಲ್ಲ. ಇವಳು ಕೇಳಿದಳು. ಅಣ್ಣ ಹೆಮ್ಮೆಯಿಂದ ಈ ಗೋಡೆಯಿಂದ ಆ ಗೋಡೆಗೆ ನಡೆದು ತೋರಿಸಿದ. ಕೆಳಗಿನ ಟೈರ್ ಗೋದಾಮಿನ ರಬ್ಬರ್ ವಾಸನೆಗೆ ಮೂಗು ಮುಚ್ಚಿಕೊಳ್ಳುತ್ತಾಳೇನೋ ಎಂದು ನೋಡಿದೆ. ಮುಚ್ಚಿಕೊಳ್ಳಲಿಲ್ಲ. ಮೊದಲ ಸಲ ಬಂದವರೆಲ್ಲ ಮುಚ್ಚಿಕೊಳ್ಳುತ್ತಾರೆ. ಇವಳಿಗೆ ಏನೋ ಬೇಕಾಗಿದೆ, ಅದಕ್ಕೇ ಸಹಿಸಿಕೊಂಡಳು.

ವಿಷಯ ಇಷ್ಟು. ನಮ್ಮಂಥ ಕಲಾಸಂಸ್ಥೆಗಳಿಗೆ ವ್ಯವಹಾರ ಹೇಳಿಕೊಡುವ ಕೇಂದ್ರ ಒಂದಿದೆಯಂತೆ. ಅಲ್ಲಿಂದ ಇವಳನ್ನು ಸಲಹೆಗಾರ್ತಿ ಎಂದು ಎರಡು ತಿಂಗಳಿಗೆ ಕಳಿಸಿದ್ದಾರೆ. ಸಂಸ್ಥೆ ಮುಗ್ಗರಿಸದೆ ಬೆಳೆಯುವುದು ಹೇಗೆ ಎಂದು ಆಕೆ ನಮ್ಮೊಂದಿಗೆ ಕೂತು ಯೋಜನೆ ಮಾಡಿಸುತ್ತಾಳಂತೆ. ಕೇಂದ್ರದ ಸಮಿತಿ ಆ ಯೋಜನೆಯನ್ನು ಒಪ್ಪಿದರೆ ಎರಡನೇ ತಂಡ ಕಟ್ಟಲು ನೆರವು. ಒಪ್ಪದಿದ್ದರೆ ಈ ಹಾಲ್ ಕೂಡ ಕೈತಪ್ಪುತ್ತದೆ. ಹಾಲ್ ಕೊಟ್ಟವರು ಹಾಗೆಂದು ಖಡಾಖಂಡಿತ ಹೇಳಿದ್ದಾರೆ. ಅಣ್ಣ ಕಟ್ಟಿದ ತಂಡ ಬೀದಿಗೆ ಬರುತ್ತದೆ.

ಆಸ್ಪತ್ರೆ, ಶಾಲೆ, ವೃದ್ಧಾಶ್ರಮಗಳಲ್ಲಿ ದುಡ್ಡು ತೆಗೆದುಕೊಳ್ಳದೆ ನಾಟಕ ಆಡುವವರು ನಾವು. ಅಣ್ಣನೇ ನಿರ್ದೇಶಕ, ಅಣ್ಣನೇ ಮುಖ್ಯ ನಟ. ಮಿಕ್ಕವರೆಲ್ಲ ದುಡಿದು ಬಂದು ಬಣ್ಣ ಹಚ್ಚುವವರು. ಒಬ್ಬ ಟೈಲರ್, ಒಬ್ಬಳು ನರ್ಸ್, ಒಬ್ಬ ಬಸ್ ಡ್ರೈವರ್. ಮಾತು ಬಾಯಿಪಾಠ ಮಾಡಲು ಅವರಿಗೆಲ್ಲಿ ಪುರುಸೊತ್ತು? ಅದಕ್ಕೇ ಅಣ್ಣ ಮೊದಲಿನಿಂದಲೂ ಒಂದು ಪದ್ಧತಿ ಇಟ್ಟಿದ್ದಾನೆ. ನಮ್ಮಲ್ಲಿ ಯಾರೂ ಮಾತು ಕಲಿಯಬೇಕಾಗಿಲ್ಲ. ಸೈಡ್‌ವಿಂಗಿನ ಪರದೆಯ ಮರೆಯಲ್ಲಿ ಸ್ಟೂಲು ಹಾಕಿಕೊಂಡು ನಾನು ಕೂತಿರುತ್ತೇನೆ. ನಾನು ಪಿಸುಗುಟ್ಟುತ್ತೇನೆ, ಅವರು ಆಡುತ್ತಾರೆ. ನನ್ನ ತಲೆಯಲ್ಲಿ ನಮ್ಮ ನಾಟಕಗಳೆಲ್ಲ ಇವೆ.

"ಮೇಡಂ, ನೀವಿಲ್ಲಿ ಏನ್ ಮಾಡ್ತೀರಿ?" ಎಂದು ಕೇಳಿದಳು.

"ಕೂತಿರ್ತೀನಿ" ಎಂದೆ. ಎಲ್ಲವನ್ನೂ ಮೊದಲ ದಿನವೇ ಹೇಳಲು ನನಗೇನು ಹುಚ್ಚೇ?

ಜೂನ್ ೫, ಬುಧವಾರ

ಅವಳಿಗೆ ಪ್ರಶ್ನೆಪತ್ರಿಕೆ ಎಂದು ಹೆಸರಿಟ್ಟಿದ್ದೇನೆ. ಬರೀ ಕೇಳುತ್ತಾಳೆ. ಸಲಹೆಗಾರ್ತಿ ಎಂದ ಮೇಲೆ ಒಂದಾದರೂ ಸಲಹೆ ಬೇಡವೇ? ಉತ್ತರ ನಾವು ಹೇಳಬೇಕು, ಇವಳು ಬರೆದುಕೊಳ್ಳಬೇಕು, ಕೊನೆಗೆ ಯೋಜನೆ ಮಾಡಿಕೊಟ್ಟವಳು ಇವಳು.

"ಸರ್, ಒಂದೇ ದಿನ ಎರಡು ಕಡೆಯಿಂದ ನಾಟಕ ಕೇಳಿದ್ರೆ ಏನ್ ಮಾಡ್ತೀರಿ?"

"ಒಂದು ಕಡೆ ಆಗಲ್ಲ ಅಂತೀವಿ" ಎಂದ ಅಣ್ಣ.

"ಯಾಕೆ?"

"ಪುಟ್ಟಿ ಒಬ್ಬಳೇ ಅಲ್ವಾ?" ತಲೆ ನರೆತ ನನ್ನನ್ನು ಪರರ ಮುಂದೆಯೂ ಪುಟ್ಟಿ ಎನ್ನುತ್ತಾನೆ.

ಪ್ರಶ್ನೆಪತ್ರಿಕೆ ನನ್ನತ್ತ ತಿರುಗಿ ನಕ್ಕಳು. "ಮೇಡಂಗೆ ಒಂದು ವಾರ ಜ್ವರ ಬಂದ್ರೆ?"

ಬಂದ ಮೂರನೇ ದಿನಕ್ಕೆ ನನಗೆ ಜ್ವರ ಬರಲಿ ಎನ್ನುತ್ತಿದ್ದಾಳೆ. ಗಾಳ ಯಾರಿಗೆ ಎಂದು ಈಗ ತಿಳಿಯಿತು.

ಮನೆಗೆ ಬರುವಾಗ ಬಸ್ಸಿನಲ್ಲಿ ಅಣ್ಣ, "ಆ ಹುಡುಗಿ ಯಾರೇ, ಬಹಳ ಚುರುಕಾಗಿದ್ದಾಳೆ?" ಎಂದ. ನನ್ನ ಸಿಡುಕು ನೋಡಿ ಕಾಲೆಳೆಯುತ್ತಿದ್ದಾನೆ. "ನೀನೇ ತಲೆ ಮೇಲೆ ಕೂರಿಸ್ಕೊಂಡಿರೋಳು" ಎಂದೆ. ಅಣ್ಣ ಸುಳ್ಳಾಡುವಾಗ, ತಮಾಷೆ ಮಾಡುವಾಗ ಬಲಹುಬ್ಬು ಒಂದಿಷ್ಟು ಮೇಲೇರುತ್ತದೆ, ಚಿಕ್ಕಂದಿನಿಂದ ಕಂಡದ್ದು. ಇವತ್ತು ಏರಿದ್ದು ಕಾಣಲಿಲ್ಲ. ಬಸ್ಸಿನಲ್ಲಿ ಬೆಳಕು ಸಾಲದು.

ಜೂನ್ ೧೧, ಮಂಗಳವಾರ

ಆಫೀಸು ಕೋಣೆಯ ಬಾಗಿಲು ಮುಚ್ಚಿಕೊಂಡು ಇಬ್ಬರೂ ಬಹಳ ಹೊತ್ತು ಮಾತಾಡಿದರು. ನಾನು ಚಹಾ ಒಯ್ಯುವ ನೆಪದಲ್ಲಿ ಹೋದೆ. ಮಾತು ನಿಂತುಹೋಯಿತು. ನಾನು ಹೊರಗೆ ಬಂದ ಮೇಲೆ ಮತ್ತೆ ಶುರುವಾಯಿತು.

ಅವಳು ಬಂದಾಗಿನಿಂದ ಅಣ್ಣನ ಲಕ್ಷ್ಯ ಎಲ್ಲೋ ಇರುತ್ತದೆ. ಟೈಲರ್‌ಗೆ ತಾಲೀಮು ಮಂಗಳವಾರ ಎಂದಿದ್ದಾನೆ, ನರ್ಸ್‌ಗೆ ಬುಧವಾರ ಎಂದಿದ್ದಾನೆ. ಮನೆಯಲ್ಲಿ ಒಲೆಯ ಮೇಲೆ ನೀರಿಟ್ಟು ಮರೆತು ಪಾತ್ರೆಯ ತಳ ಸುಟ್ಟು ಕರಕಲಾಗಿದೆ. ಯಾರಾದರೂ ದಿನವಿಡೀ ಕಿವಿ ಊದುತ್ತಿದ್ದರೆ ಎಂಥವನ ತಲೆಯೂ ಕೆಡುತ್ತದೆ. ಹೊಸ ಪಾತ್ರೆ ತಂದೆ. ಸುಟ್ಟದ್ದನ್ನು ಅಣ್ಣನ ಕಣ್ಣಿಗೆ ಬೀಳದ ಹಾಗೆ ಎತ್ತಿಟ್ಟೆ, ಸುಮ್ಮನೆ ಬೇಜಾರು ಮಾಡಿಕೊಳ್ಳುತ್ತಾನೆ.

ಜೂನ್ ೨೦, ಗುರುವಾರ

ಕೊನೆಗೂ ಬಾಲ ಬಿಚ್ಚಿದಳು.

ಎಲ್ಲರನ್ನೂ ಅರ್ಧಚಂದ್ರಾಕಾರವಾಗಿ ಕೂರಿಸಿ, "ಒಂದು ವಾರ ಆ ಸ್ಟೂಲ್ ಖಾಲಿ ಬಿಟ್ಟು ತಾಲೀಮು ಮಾಡಿದ್ರೆ ಹೇಗಿರುತ್ತೆ?" ಎಂದಳು. ಡ್ರೈವರ್ ಕೆಮ್ಮಿದ. ಟೈಲರ್, "ಅಕ್ಕ ಇಲ್ದೆ ಇದ್ರೆ ನಾನು ಸ್ಟೇಜ್ ಮೇಲೆ ಬಟ್ಟೆ ಅಳತೆ ತಗೊಳ್ತಾ ನಿಲ್ಬೇಕು, ಅಷ್ಟೇ" ಎಂದ. ಎಲ್ಲರೂ ನಕ್ಕರು. ನಾನು ನಗಲಿಲ್ಲ. ಅಣ್ಣನ ಬಾಯಿಂದ 'ಬೇಡ' ಎಂಬ ಮಾತು ಬರುತ್ತದೆಂದು ಕಾದೆ.

"ಮಾಡೇ ಬಿಡೋಣ" ಎಂದ ಅಣ್ಣ.

ಅವನ ಮೇಲೆ ಇಷ್ಟು ಕೋಪ ನನಗೆ ಯಾವತ್ತೂ ಬಂದಿರಲಿಲ್ಲ. ನಾನು ಮದುವೆಯಾಗದೆ ಉಳಿದದ್ದು ಈ ಸ್ಟೂಲಿಗಾಗಿ ಅಲ್ಲ, ಸರಿ. ಆದರೆ ಅತ್ತಿಗೆ ಹೋದ ಮೇಲೆ ಅವನಿಗೆ ಅನ್ನ ಹಾಕಿದವಳು ನಾನು, ಒಂದೊಂದು ಸಂಜೆಯೂ ಅವನ ಮಾತುಗಳನ್ನು ಅವನಿಗೇ ಎತ್ತಿಕೊಟ್ಟವಳು ನಾನು. ಬಂದು ಇನ್ನೂ ತಿಂಗಳಾಗದವಳು ಕೇಳಿದಳೆಂದು ಒಂದೇ ಮಾತಿಗೆ ಕೊಟ್ಟುಬಿಟ್ಟ. ಮನೆಗೆ ಬಂದು ಮಾತಾಡಲಿಲ್ಲ. "ಯಾಕೆ ಸಪ್ಪಗಿದ್ದೀಯ, ಏನಾಯ್ತು?" ಎಂದು ಕೇಳಿದ, ಏನೂ ಗೊತ್ತಿಲ್ಲದವನ ಹಾಗೆ! ನಟ ಮನೆಯಲ್ಲೂ ನಟನೇ.

ಜೂನ್ ೨೪, ಸೋಮವಾರ

ಕತ್ತೆ ಕದ್ದ ಮೊಕದ್ದಮೆಯ ನಾಟಕ. ಅಣ್ಣ ನ್ಯಾಯಾಧೀಶ, ಟೈಲರ್ ಕಳ್ಳ, ನರ್ಸ್ ಕತ್ತೆಯ ಒಡತಿ. ನನ್ನ ಕೂದಲು ಕಪ್ಪಗಿದ್ದಾಗಿನಿಂದ ಆಡುತ್ತಿರುವ ನಾಟಕ. ನಾನು ಹಾಲ್‌ನ ಕೊನೆಯ ಸಾಲಿನಲ್ಲಿ, ತುಟಿ ಕಚ್ಚಿಕೊಂಡು ಕೂತಿದ್ದೆ.

ಟೈಲರ್ ಎರಡನೇ ಮಾತಿಗೇ ನಿಂತ. ಬೆವರಿದ. ಆಮೇಲೆ ಏನನ್ನಿಸಿತೋ, "ಮಹಾಸ್ವಾಮಿ, ಕತ್ತೆನೇ ನನ್ನ ಹಿಂದೆ ಬಂತು, ನಾನು ಬೇಡ ಬೇಡ ಅಂದೆ" ಎಂದ. ಅದು ನಾಟಕದಲ್ಲಿ ಎಲ್ಲೂ ಇಲ್ಲ. ನರ್ಸ್ ನಗು ತಡೆದುಕೊಂಡು, "ನನ್ನ ಕತ್ತೆಗೆ ಅಷ್ಟು ಕೆಟ್ಟ ರುಚಿ ಇಲ್ಲ ಸ್ವಾಮಿ" ಎಂದಳು. ಡ್ರೈವರ್ ಬಿದ್ದು ಬಿದ್ದು ನಕ್ಕ. ನನಗೂ ನಗು ಬಂತು, ನುಂಗಿಕೊಂಡೆ. ನಾನಿಲ್ಲದೆಯೂ ನಡೆಯುತ್ತಿತ್ತು. ಬಹಳ ಹೊಟ್ಟೆ ಉರಿಯಿತು.

ತೀರ್ಪಿನ ಹೊತ್ತಿಗೆ ಅಣ್ಣ ಎದ್ದು ನಿಂತ. ಕೈಯೆತ್ತಿದ. ಮಾತಿಲ್ಲ. ಟೈಲರ್ ಹಾಗೆ ಏನಾದರೂ ಹುಟ್ಟಿಸಿಕೊಂಡು ಆಡುತ್ತಾನೆಂದು ಕಾದೆವು. ಅಣ್ಣ ಸೈಡ್‌ವಿಂಗಿನತ್ತ ನೋಡಿದ. ಖಾಲಿ ಸ್ಟೂಲನ್ನೇ ನೋಡುತ್ತ ನಿಂತ. ಎತ್ತಿದ ಕೈ ಇಳಿಸಲಿಲ್ಲ. ಯಾರೂ ನಗುತ್ತಿರಲಿಲ್ಲ.

ನನ್ನಿಂದ ತಡೆಯಲಾಗಲಿಲ್ಲ. ಕೊನೆಯ ಸಾಲಿನಿಂದಲೇ ಹೇಳಿದೆ: "ಕತ್ತೆಯೇ ಸಾಕ್ಷಿ ಹೇಳಲಿ." ಅಣ್ಣ ತಕ್ಷಣ ಹಿಡಿದುಕೊಂಡ, ಗುಡುಗಿದ, ತೀರ್ಪು ಪೂರ್ತಿ ಕೊಟ್ಟ. ಒಂದೊಂದು ಸಾಲನ್ನೂ ನಾನು ಹೇಳುತ್ತ ಹೋದೆ.

ಪ್ರಶ್ನೆಪತ್ರಿಕೆ ತಿರುಗಿ ನನ್ನನ್ನು ನೋಡಿದಳು. ಗೆದ್ದವರ ಮುಖ ಅದಲ್ಲ. ಏನು ಮುಖವೋ ಗೊತ್ತಾಗಲಿಲ್ಲ, ಅದಕ್ಕೇ ಹೆಚ್ಚು ಭಯವಾಯಿತು.

ಜುಲೈ ೨, ಮಂಗಳವಾರ

ಸ್ಟೂಲು ಇನ್ನೂ ಖಾಲಿ. ನಾನು ಪರದೆಯ ಹಿಂದೆ ಬರಿಗಾಲಿನಲ್ಲಿ ನಿಂತು ಅಣ್ಣನಿಗೆ ಮಾತ್ರ ಕೊಡುತ್ತಿದ್ದೇನೆ. ಯಾರಿಗೂ ಗೊತ್ತಿಲ್ಲ.

ಇವತ್ತು ಪ್ರಶ್ನೆಪತ್ರಿಕೆ ವೇಷದ ಬಟ್ಟೆ ತೂಗುಹಾಕುವ ಸ್ಟ್ಯಾಂಡನ್ನು ತಾನೇ ದಬ್ಬಿಕೊಂಡು ಬಂದು ಸರಿಯಾಗಿ ನನ್ನೆದುರು ನಿಲ್ಲಿಸಿದಳು. ಹಾಲ್‌ನಿಂದ ನನ್ನ ಪಾದಗಳು ಕಾಣುತ್ತಿದ್ದವೇನೋ, ಈಗ ಕಾಣುವುದಿಲ್ಲ. ಗೊತ್ತಿದ್ದೂ ಸುಮ್ಮನಿದ್ದಾಳೆ ಎಂದರೆ ಸಾಕ್ಷಿ ಕೂಡಿಹಾಕುತ್ತಿದ್ದಾಳೆ ಎಂದೇ ಅರ್ಥ.

ಜುಲೈ ೫, ಶುಕ್ರವಾರ

ಕಿರೀಟಗಳ ಪೆಟ್ಟಿಗೆ ಸರಿ ಮಾಡುತ್ತಿದ್ದಾಗ ಬಂದು ನೆಲದ ಮೇಲೆ ನನ್ನ ಪಕ್ಕವೇ ಕೂತಳು. ಅಷ್ಟು ಒಳ್ಳೆಯ ಬಟ್ಟೆ, ಧೂಳಾಗುತ್ತದೆಂಬ ಪರಿವೆಯೂ ಇಲ್ಲ.

"ಮೇಡಂ, ಸರ್ ಎಷ್ಟು ದಿನದಿಂದ ಹೀಗಿದ್ದಾರೆ?"

"ಹೀಗೆ ಅಂದ್ರೆ ಹೇಗೆ?"

"ನಿಮಗೆ ಗೊತ್ತಿಲ್ವಾ?"

ಪ್ರಶ್ನೆಗೆ ಪ್ರಶ್ನೆ! "ನೀವು ಬಂದಿರೋದು ವ್ಯವಹಾರ ನೋಡೋಕೆ, ನಮ್ಮಣ್ಣನ್ನ ನೋಡೋಕಲ್ಲ" ಎಂದೆ. ಅವಳು ಒಂದು ಕಿರೀಟದ ಸಡಿಲವಾದ ಮಣಿಯನ್ನು ಒತ್ತಿ ಕೂರಿಸಿದಳು. ಆಮೇಲೆ, "ಡಾಕ್ಟರ್ ಹತ್ರ ಕರ್ಕೊಂಡು ಹೋಗ್ತೀರಾ? ಬೇಕಾದ್ರೆ ನಾನೂ ಬರ್ಲಾ?" ಎಂದಳು.

ಯೋಜನೆಯಲ್ಲಿ ಡಾಕ್ಟರ್ ಎಲ್ಲಿಂದ ಬಂದ? ಅಣ್ಣನಿಗೆ ಕೈಲಾಗದು ಎಂದು ಬರೆಸಿಕೊಂಡು ಸಂಸ್ಥೆಯನ್ನು ಕಿತ್ತುಕೊಳ್ಳುವ ಹುನ್ನಾರ ಇದು. ಮೊದಲು ನನ್ನ ಸ್ಟೂಲು, ಆಮೇಲೆ ಅಣ್ಣನ ಕುರ್ಚಿ. ಅಣ್ಣನಿಗೆ ಏನೂ ಆಗಿಲ್ಲ.

ನಾಳೆಯಿಂದ ಅವನು ಎಲ್ಲಿಗೆ ಹೊರಟರೂ ಜೊತೆಗೆ ನಾನು ಹೋಗುತ್ತೇನೆ. ಮೊನ್ನೆ ಒಬ್ಬನೇ ಹೋಗಿ ಬೇರೆ ಬಸ್ಸು ಹತ್ತಿಬಿಟ್ಟ, ನಮ್ಮ ಡ್ರೈವರ್ ಅವನನ್ನು ಮನೆಗೆ ತಂದು ಬಿಟ್ಟು ಹೋದ. ಈ ದಿನಗಳಲ್ಲಿ ಅವನನ್ನು ಒಂಟಿಯಾಗಿ ಬಿಟ್ಟರೆ ಇವಳು ಎಲ್ಲಿ ಯಾವುದಕ್ಕೆ ಸಹಿ ಹಾಕಿಸಿಕೊಳ್ಳುತ್ತಾಳೋ. ಅಡುಗೆಮನೆಯ ಡಬ್ಬಿಗಳಿಗೆಲ್ಲ ಹೆಸರು ಬರೆದು ಚೀಟಿ ಅಂಟಿಸಿದೆ. ಬಹಳ ದಿನದಿಂದ ಮಾಡಬೇಕೆಂದಿದ್ದ ಕೆಲಸ.

ಜುಲೈ ೧೩, ಶನಿವಾರ

ನಾನೂ ಸುಮ್ಮನೆ ಕೂತಿಲ್ಲ. ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಯೋಜನೆಯನ್ನು ಓದುತ್ತಿದ್ದೇನೆ. ನಮ್ಮನ್ನು ಸಿಕ್ಕಿಸುವ ಕುಣಿಕೆಯನ್ನು ಎಲ್ಲಿ ಅಡಗಿಸಿಟ್ಟಿದ್ದಾಳೆ ಎಂದು ಹುಡುಕಿ ಹುಡುಕಿ ಈಗ ಎಲ್ಲವೂ ಬಾಯಿಗೆ ಬರುತ್ತದೆ. ಕುಣಿಕೆ ಎಲ್ಲೂ ಸಿಗಲಿಲ್ಲ. ಆದರೆ ದಡ್ಡತನ ಸಿಕ್ಕಿತು. ಎರಡನೇ ತಂಡದವರು ಎಲ್ಲ ಮಾತನ್ನೂ ಕಲಿಯಬೇಕು ಎಂದು ಬರೆದಿತ್ತು. "ದುಡಿಯೋ ಜನ, ಕಲಿಯೋಕಾಗಲ್ಲ. ಎರಡನೇ ತಂಡಕ್ಕೆ ನನ್ನ ಹಾಗೆ ಮಾತು ಎತ್ತಿಕೊಡೋ ಎರಡನೇ ಪ್ರಾಂಪ್ಟರ್ ಬೇಕು" ಎಂದೆ.

"ಯಾರು ಕಲಿಸ್ತಾರೆ?" ಎಂದಳು.

"ಇನ್ಯಾರು ಕಲಿಸ್ತಾರೆ?" ಎಂದು ನಾನೇ ತಿರುಗಿ ಕೇಳಿದೆ. ಅವಳು ತನ್ನ ಸಾಲನ್ನು ಹೊಡೆದುಹಾಕಿ ನನ್ನದನ್ನು ಬರೆದುಕೊಂಡಳು. ಬೆಣ್ಣೆ ಹಚ್ಚುವ ಉಪಾಯ.

ಇವಳು ತನ್ನ ಕಡೆಯವರನ್ನು ತಂದು ತುರುಕುವ ಮೊದಲೇ ನರ್ಸ್‌ಗೆ ಕಲಿಸಲು ಶುರುಮಾಡಿದ್ದೇನೆ. ಬರೀ ಅದಕ್ಕಾಗಿ, ಬೇರೆ ಕಾರಣವಿಲ್ಲ. ಅವಳ ಪಿಸುಮಾತು ವಾರ್ಡಿನ ಕೊನೆಯ ಹಾಸಿಗೆಯವರೆಗೂ ಕೇಳಿಸುವಂಥದ್ದು. ನಿಧಾನವಾಗಿ ತಗ್ಗಿಸಿದೆ. ನಟ ಉಸಿರೆಳೆದುಕೊಳ್ಳುವಾಗ ಕೊಡಬೇಕು, ಬಿಡುವಾಗ ಅಲ್ಲ. ಸಾಲಿನ ಮೊದಲೆರಡು ಪದ ಕೊಟ್ಟರೆ ಸಾಕು, ಮಿಕ್ಕದ್ದು ಅವನಲ್ಲೇ ಇರುತ್ತದೆ. ಪೂರ್ತಿ ಕೊಟ್ಟರೆ ಗಿಣಿಪಾಠವಾಗುತ್ತದೆ.

"ಸರ್‌ಗೆ ಮಾತ್ರ ನೀವು ಪೂರ್ತಿ ಕೊಡ್ತೀರಲ್ಲ ಅಕ್ಕ?" ಎಂದಳು ನರ್ಸ್.

"ನಿನ್ನ ಕೆಲಸ ನೋಡ್ಕೋ" ಎಂದೆ. ಅವಳು ನನ್ನ ಕೈ ಒತ್ತಿದಳು. ನನಗೆ ಯಾಕೋ ಕಣ್ಣು ತುಂಬಿತು. ಟೈರ್ ಗೋದಾಮಿನಲ್ಲಿ ಏನೋ ಸುಡುತ್ತಿದ್ದರು, ಹೊಗೆ.

ಜುಲೈ ೨೬, ಶುಕ್ರವಾರ

ಸಿಕ್ಕಿತು ಕುಣಿಕೆ!

ಯೋಜನೆಯಲ್ಲಿ ಎಲ್ಲ ಪ್ರಶ್ನೆಗೂ ಉತ್ತರ ಇದೆ, ಒಂದಕ್ಕೆ ಬಿಟ್ಟು. ಅಣ್ಣನ ನಂತರ ಸಂಸ್ಥೆಯನ್ನು ಯಾರು ನಡೆಸುತ್ತಾರೆ? ಆ ಜಾಗ ಖಾಲಿ. ಕೇಳಿದೆ. "ಅದನ್ನ ಸರ್ ಸಮಿತಿ ಮುಂದೆ ಅವರೇ ಹೇಳ್ತೀನಿ ಅಂದಿದ್ದಾರೆ" ಎಂದಳು, ನನ್ನ ಮುಖ ನೋಡದೆ.

ಮುಚ್ಚಿದ ಬಾಗಿಲ ಹಿಂದೆ ಮಾತಾಡಿದ್ದು ಇದೇ. ಯಾರ ಹೆಸರು ಹೇಳಿಸುತ್ತಾಳೆ? ಡ್ರೈವರ್‌ನದೇ? ಅವನು ಇತ್ತೀಚೆಗೆ ಅವಳಿಗೆ ಬಹಳ ನಮಸ್ಕಾರ ಹೊಡೆಯುತ್ತಿದ್ದಾನೆ. ಅಥವಾ ತನ್ನದೇ ಹೆಸರನ್ನೋ? ಅಣ್ಣನನ್ನು ಕೇಳಿದೆ. "ಯಾವ ಸಮಿತಿ?" ಎಂದ.



ಜುಲೈ ೩೧, ಬುಧವಾರ

ಅಣ್ಣನಿಗೆ ಯೋಜನೆಯನ್ನು ಓದಿ ಹೇಳಿದೆ. ಮಧ್ಯಾಹ್ನವೂ ಹೇಳಿದೆ, ಸಂಜೆಯೂ ಹೇಳಿದೆ. "ಚೆನ್ನಾಗಿದೆ, ಯಾರು ಬರೆದಿದ್ದು?" ಎಂದ ಎರಡು ಸಲವೂ.

ಆಗಸ್ಟ್ ೧, ಗುರುವಾರ

ಉದ್ದ ಮೇಜು, ಆಚೆ ಬದಿಯಲ್ಲಿ ಸಮಿತಿಯವರು, ಈಚೆ ಅಣ್ಣ. ನಾವೆಲ್ಲ ಅವನ ಹಿಂದಿನ ಸಾಲಿನಲ್ಲಿ. ನಾನು ಮೂಲೆಯಲ್ಲಿ ಕೂರಲು ಹೋದೆ. ಪ್ರಶ್ನೆಪತ್ರಿಕೆ ಒಂದು ಕುರ್ಚಿ ಎಳೆದು ತಂದು ಅಣ್ಣನ ಎಡಗಿವಿಯ ಹಿಂದೆ ಹಾಕಿದಳು. ಸೈಡ್‌ವಿಂಗಿನಲ್ಲಿ ನಾನು ಯಾವಾಗಲೂ ಇರುವ ಕಡೆ. "ಇಲ್ಲಿ ಕೂತ್ಕೊಳ್ಳಿ ಮೇಡಂ" ಎಂದಳು. ಇದರಲ್ಲೇನು ಕುತಂತ್ರ ಎಂದು ಯೋಚಿಸಲು ಹೊತ್ತಿರಲಿಲ್ಲ.

ಅಣ್ಣ ಎದ್ದು ಕೋಟು ಸರಿಮಾಡಿಕೊಂಡ. ರಾಜನ ಹಾಗೆ ಕಾಣುತ್ತಿದ್ದ. ತಲೆಯನ್ನು ಒಂದಿಷ್ಟು ಎಡಕ್ಕೆ ವಾಲಿಸಿದ. ಕೊಡು ಎಂದರ್ಥ. ಕೊಟ್ಟೆ. ಎರಡನೇ ತಂಡ, ಪ್ರಾಂಪ್ಟರ್‌ಗಳ ತರಬೇತಿ, ಆಸ್ಪತ್ರೆಗಳ ಜೊತೆ ವರ್ಷಪೂರ್ತಿ ಒಪ್ಪಂದ, ಹಾಲನ್ನು ಹಗಲು ಹೊತ್ತು ಬೇರೆ ಕಲಾವಿದರಿಗೆ ಕೊಡುವುದು, ಒಂದೊಂದನ್ನೂ ನಾನು ಪಿಸುಗುಟ್ಟಿದೆ, ಒಂದೊಂದನ್ನೂ ಅಣ್ಣ ತನ್ನ ಕಂಚಿನ ಕಂಠದಲ್ಲಿ ಆಡಿದ. ಸಮಿತಿಯವರು ತಲೆದೂಗಿದರು. ನನ್ನ ಮಾತುಗಳು ಅವನ ಬಾಯಲ್ಲಿ ಎಷ್ಟು ಚೆನ್ನಾಗಿ ಕೇಳಿಸುತ್ತವೆ!

ಆಗ ಅಧ್ಯಕ್ಷರು ಕೇಳಿದರು. "ಎಲ್ಲಾ ಸರಿ. ಆದ್ರೆ ನಿಮ್ಮ ನಂತರ ಇದನ್ನ ಯಾರು ನಡೆಸ್ತಾರೆ?"

ಅಣ್ಣ ಉಸಿರೆಳೆದುಕೊಂಡ. ತಲೆ ಎಡಕ್ಕೆ ವಾಲಿತು. ನನ್ನ ಹತ್ತಿರ ಏನೂ ಇರಲಿಲ್ಲ. ಅವನು ಮಾತು ಕೇಳುತ್ತಿದ್ದಾನೆ, ಬದುಕಿನಲ್ಲಿ ಮೊದಲ ಸಲ ನನ್ನ ಬಳಿ ಕೊಡಲು ಸಾಲಿಲ್ಲ. ಎಲ್ಲಿಂದ ಬಂತೋ, "ನನ್ನ ತಂಗಿ" ಎಂದು ಪಿಸುಗುಟ್ಟಿಬಿಟ್ಟೆ. ನನ್ನ ಹೆಸರನ್ನು ನಾನೇ ಎತ್ತಿಕೊಟ್ಟೆನಲ್ಲ ಎಂದು ನಾಚಿಕೆಯಾಯಿತು.

ಅಣ್ಣ ಅದನ್ನು ಆಡಲಿಲ್ಲ. ನೋಡುವವರಿಗೆ ಯಾವತ್ತೂ ಬೆನ್ನು ತೋರಿಸದವನು, ಪೂರ್ತಿ ತಿರುಗಿ ನನ್ನೆದುರು ನಿಂತ.

"ನೀನು ಒಪ್ತೀಯಾ ಪುಟ್ಟಿ?" ಎಂದ. "ನನ್ನ ತಲೇಲಿ ಮಾತು ನಿಲ್ತಾ ಇಲ್ಲ. ಎಷ್ಟು ದಿನ ಅಂತ ಹೀಗೆ ಕದ್ದು ಕದ್ದು ಕೊಡ್ತೀಯ?"

ಗೊತ್ತಿತ್ತು ಅವನಿಗೆ. ಎಲ್ಲ ಗೊತ್ತಿತ್ತು.

ನನಗೆ ಮಾತು ಎತ್ತಿಕೊಡುವವರು ಯಾರೂ ಇರಲಿಲ್ಲ. ಸಲಹೆಗಾರ್ತಿಯ ಕಡೆ ನೋಡಿದೆ. ಆಕೆ ತಲೆ ತಗ್ಗಿಸಿ ತನ್ನ ಪೆನ್ನನ್ನು ನೋಡುತ್ತಿದ್ದಳು. ನರ್ಸ್ ಬಾಯಿ ತೆರೆದಳು, ನಾನೇ ಕಲಿಸಿದ ಹಾಗೆ ನನ್ನ ಉಸಿರಿಗೆ ಕಾದು, ಆದರೆ ಏನನ್ನೂ ಕೊಡಲಿಲ್ಲ.

"ಒಪ್ಪಿದೀನಿ" ಎಂದೆ.

"ಕೇಳಿಸ್ಲಿಲ್ಲ. ಸ್ವಲ್ಪ ಗಟ್ಟಿಯಾಗಿ ಹೇಳಿ" ಎಂದರು ಅಧ್ಯಕ್ಷರು.

ಎದ್ದು ನಿಂತು ಮತ್ತೆ ಹೇಳಿದೆ. ನನ್ನ ದನಿ ಅಷ್ಟು ದೊಡ್ಡದಿದೆ ಎಂದು ನನಗೇ ಗೊತ್ತಿರಲಿಲ್ಲ.

ಆಗಸ್ಟ್ ೨, ಶುಕ್ರವಾರ

ಸಮಿತಿ ಒಪ್ಪಿತು. ಸಲಹೆಗಾರ್ತಿ ಬೆಳಿಗ್ಗೆ ಹಾಲ್‌ಗೆ ಬಂದು ಎಲ್ಲರಿಗೂ ಹೇಳಿ ಹೊರಟರು. ಸೋಮವಾರ ಡಾಕ್ಟರ್ ಹತ್ತಿರ ಹೋಗುತ್ತಿದ್ದೇವೆ, ಬರುತ್ತೀರಾ ಎಂದು ಕೇಳಿದೆ. ಬರುತ್ತೇನೆ ಎಂದರು. ಇವತ್ತು ಅವರು ನನಗೆ ಒಂದೂ ಪ್ರಶ್ನೆ ಕೇಳಲಿಲ್ಲ.

ಅವರು ಹೋದ ಮೇಲೆ ಖಾಲಿ ಹಾಲ್‌ನಲ್ಲಿ ಕೂತು ಯೋಚಿಸಿದೆ. ನಿನ್ನೆ ಅಣ್ಣ ತಿರುಗಿದ ರೀತಿ, ಅದಕ್ಕೆ ಮೊದಲು ತಡೆದು ನಿಂತದ್ದು, ಆ ದನಿ. ಅಷ್ಟು ಸರಿಯಾಗಿ ತಾಲೀಮಿಲ್ಲದೆ ಬರುತ್ತದೆಯೇ? ಮುಚ್ಚಿದ ಬಾಗಿಲ ಹಿಂದೆ ಇಬ್ಬರೂ ಸೇರಿ ಹೂಡಿದ್ದಿರಬೇಕು. ಸುಟ್ಟ ಪಾತ್ರೆ, ತಪ್ಪಿದ ಬಸ್ಸು, ಮರೆತ ತೀರ್ಪು, ನನ್ನನ್ನು ಸ್ಟೂಲಿನಿಂದ ಎಬ್ಬಿಸಲು ಆಡಿದ ನಾಟಕ. ಅಣ್ಣನಂಥ ನಟನಿಗೆ ಅದೇನು ಮಹಾ. ಎರಡು ತಿಂಗಳು ಎಲ್ಲರ ಮೇಲೂ ಅನುಮಾನಪಟ್ಟೆ. ಈ ಒಂದು ಅನುಮಾನವಾದರೂ ನಿಜವಾಗಿರಲಿ. ನನಗೆ ಟೋಪಿ ಹಾಕಿರಲಿ. ಜೀವಮಾನವಿಡೀ ಗೇಲಿ ಮಾಡಿಸಿಕೊಳ್ಳಲು ನಾನು ತಯಾರು.

ಸಂಜೆ ಚಹಾ ಕೊಟ್ಟೆ. ಅಣ್ಣ ಲೋಟ ಹಿಡಿದುಕೊಂಡು, "ಪುಟ್ಟಿ, ಆ ಸಮಿತಿ ಯಾವತ್ತೇ? ಏನ್ ಹೇಳ್ಬೇಕು ನಾನು?" ಎಂದ.

ದೀಪ ಹಾಕಿ ಎದುರಿಗೆ ಕೂತೆ. ಬಲಹುಬ್ಬನ್ನೇ ನೋಡಿದೆ. ಬಹಳ ಹೊತ್ತು ನೋಡಿದೆ. ಏರಲಿಲ್ಲ.

"ನಿನ್ನೆ ಆಯ್ತಲ್ಲ ಅಣ್ಣಾ. ಚೆನ್ನಾಗಿ ಮಾತಾಡಿದೆ. ಒಪ್ಪಿದ್ರು."

"ಯಾರು ಒಪ್ಪಿದ್ದು?"

ಅವನು ಉಸಿರೆಳೆದುಕೊಳ್ಳುವವರೆಗೆ ಕಾದೆ. ಆಮೇಲೆ ಹೇಳಿದೆ, ಪಿಸುಗುಟ್ಟದೆ, ಮೊದಲಿನಿಂದ ಕೊನೆಯವರೆಗೆ, ಪೂರ್ತಿ.